ರಿಂಗ್ ಆಗ್ತದ, ಮಾತು ಕೇಳಂಗಿಲ್ಲ: ಗಲ್ಫ್ ಕರೆಗಳ ತಡೆ ಮತ್ತು ವಿಪಿಎನ್

ರಾಯಚೂರು, ಮಾನ್ವಿ, ದೇವದುರ್ಗ ಕಡೆಯಿಂದ ದುಡಿಯೋಕೆ ಊರು ಬಿಡೋರು ಹೆಚ್ಚಾಗಿ ಬೆಂಗಳೂರು, ಹೈದರಾಬಾದ್, ಗೋವಾ ಅಂತ ಹೋಗ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ ದುಬೈ, ಅಬುಧಾಬಿ, ಶಾರ್ಜಾ ಮುಟ್ಟಿರ್ತಾರೆ. ಡ್ರೈವರ್, ಗೌಂಡಿ, ಎಲೆಕ್ಟ್ರಿಷಿಯನ್, ಎಸಿ ಮೆಕ್ಯಾನಿಕ್ ಕೆಲಸದವರ ಜೊತೆ ನಮ್ಮ ಹಾಗೆ ಎಂಜಿನಿಯರಿಂಗ್ ಓದಿದವರೂ ಅಲ್ಲಿದ್ದಾರೆ. ಹೋದ ಮೊದಲ ವಾರದಲ್ಲೇ ಮನೆಯವರಿಂದ ಬರೋ ದೂರು ಒಂದೇ: "ವಾಟ್ಸ್‌ಆ್ಯಪ್‌ನಾಗ ಫೋನ್ ಹಚ್ಚಿದ್ರ ರಿಂಗ್ ಆಗ್ತದ, ಎತ್ತಿದ ಮ್ಯಾಲ ಮಾತು ಕೇಳಂಗಿಲ್ಲ."

ಫೋನ್ ಕೆಟ್ಟದ ಅಂತ ಒಬ್ಬರು, ಅಲ್ಲಿ ನೆಟ್ ಬರಂಗಿಲ್ಲ ಅಂತ ಇನ್ನೊಬ್ಬರು. ಮಗನಿಗೇ ಮಾತಾಡೋಕೆ ಮನಸ್ಸಿಲ್ಲ ಅಂತ ಬೇಜಾರು ಮಾಡಿಕೊಳ್ಳೋ ತಾಯಂದಿರೂ ಇರ್ತಾರೆ. ಆಮೇಲೆ ರೂಮಿನಲ್ಲಿರೋ ಹಳಬ ಒಬ್ಬ ಹೇಳ್ತಾನೆ: "ವಿಪಿಎನ್ ಹಾಕ್ಕೋ, ಎಲ್ಲಾ ಸರಿ ಆಗ್ತದ."

ಸರಿ ಆಗ್ತದೆಯೇ? ಕಂಪ್ಯೂಟರ್ ನೆಟ್‌ವರ್ಕ್ಸ್ ಓದೋ ನಮಗೆ ಇದು ಒಳ್ಳೆಯ ಅಭ್ಯಾಸದ ವಿಷಯ. ರಿಂಗ್ ಆದ್ರೂ ಮಾತು ಯಾಕೆ ಬರಲ್ಲ, ವಿಪಿಎನ್ ಏನು ಮಾಡ್ತದೆ, ಅದರ ಬೆಲೆ ಏನು, ಬೇರೆ ದಾರಿ ಯಾವುದು ಅನ್ನೋದನ್ನ ಒಂದೊಂದಾಗಿ ನೋಡೋಣ. ಇಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಅಂದ್ರೆ ಯುಎಇ ಒಂದನ್ನೇ ಉದಾಹರಣೆಯಾಗಿ ತಗೊಂಡಿದ್ದೇವೆ. ಗಲ್ಫ್‌ನ ಎಲ್ಲಾ ದೇಶಕ್ಕೂ ಒಂದೇ ನಿಯಮ ಇಲ್ಲ.

1. ಒಂದು ಕರೆ, ಎರಡು ದಾರಿ

ಇಂಟರ್‌ನೆಟ್ ಕರೆಯಲ್ಲಿ ಎರಡು ಬೇರೆ ಬೇರೆ ಕೆಲಸ ನಡೀತವೆ. ಒಂದು ಸಿಗ್ನಲಿಂಗ್: "ಇಂಥವರು ಕರೀತಿದ್ದಾರೆ, ರಿಂಗ್ ಮಾಡು, ಎತ್ತಿದ್ರು, ಇಟ್ರು" ಅನ್ನೋ ಸುದ್ದಿ. ಇನ್ನೊಂದು ಮೀಡಿಯಾ: ನಿಜವಾದ ಮಾತು. ನಮ್ಮ ಪಠ್ಯದಲ್ಲಿ ಬರೋ ಎಸ್‌ಐಪಿ ಪ್ರೋಟೋಕಾಲ್ ಮೊದಲನೇ ಕೆಲಸದ್ದು, ಆರ್‌ಟಿಪಿ ಎರಡನೇ ಕೆಲಸದ್ದು. ವಾಟ್ಸ್‌ಆ್ಯಪ್ ತನ್ನದೇ ವ್ಯವಸ್ಥೆ ಇಟ್ಟುಕೊಂಡಿದೆ, ಆದರೆ ಈ ವಿಂಗಡಣೆ ಅಲ್ಲೂ ಹಾಗೇ ಇದೆ.

ಸಿಗ್ನಲಿಂಗ್ ಅಂದ್ರೆ ಕೆಲವೇ ಬೈಟ್‌ಗಳ ಮಾತು. ಅದು ಮೆಸೇಜ್ ಹೋಗೋ ಟಿಸಿಪಿ ಸಂಪರ್ಕದಲ್ಲೇ ಸರ್ವರ್ ಮೂಲಕ ಹೋಗಿಬಿಡ್ತದೆ. ಧ್ವನಿ ಹಾಗಲ್ಲ. ಸಾಮಾನ್ಯವಾಗಿ ಪ್ರತಿ 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಅಂದ್ರೆ ಸೆಕೆಂಡಿಗೆ 50 ಪ್ಯಾಕೆಟ್ ಹೋಗಬೇಕು. ತಡವಾಗಿ ಬಂದ ಪ್ಯಾಕೆಟ್‌ನಿಂದ ಉಪಯೋಗ ಇಲ್ಲ, ಅದಕ್ಕೇ ಕಳೆದುಹೋದದ್ದನ್ನ ಮತ್ತೆ ಕೇಳೋ ಟಿಸಿಪಿ ಬಿಟ್ಟು ಯುಡಿಪಿ ಬಳಸ್ತಾರೆ. ಎರಡೂ ಫೋನ್‌ಗಳು ನ್ಯಾಟ್ ಹಿಂದೆ ಇರೋದ್ರಿಂದ ಹೊರಗಿನ ವಿಳಾಸ ತಿಳಿಯೋಕೆ ಸ್ಟನ್, ನೇರ ದಾರಿ ಸಿಗದಿದ್ದರೆ ಮಧ್ಯದ ರಿಲೇ ಸರ್ವರ್, ಹೀಗೆ ಸ್ವಲ್ಪ ಓಡಾಟವೂ ಇರ್ತದೆ.

ಈಗ ತಡೆ ಹಾಕೋರು ಸಿಗ್ನಲಿಂಗ್ ಬಿಟ್ಟು ಮೀಡಿಯಾ ಮಾತ್ರ ನಿಲ್ಲಿಸಿದ್ರೆ ಏನಾಗ್ತದೆ? ಮೆಸೇಜ್ ಹೋಗ್ತದೆ, ಫೋಟೋ ಹೋಗ್ತದೆ, ರಿಂಗ್ ಕೂಡ ಆಗ್ತದೆ. ಎತ್ತಿದ ಮೇಲೆ "ಕನೆಕ್ಟಿಂಗ್" ಅಂತ ತೋರಿಸ್ತಾ ಕೂತುಬಿಡ್ತದೆ. ದೇವದುರ್ಗದ ಮನೆಯಲ್ಲಿ ಕಾಣೋದು ಇದೇ. ಫೋನ್ ಕೆಟ್ಟಿಲ್ಲ, ನೆಟ್ ಹೋಗಿಲ್ಲ, ಮಗನೂ ಸಿಟ್ಟಾಗಿಲ್ಲ. ಮಾತಿನ ಪ್ಯಾಕೆಟ್‌ಗೆ ಮಾತ್ರ ದಾರಿ ಇಲ್ಲ.

ಇದೇ ಕಾರಣಕ್ಕೆ ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜ್ ಅಲ್ಲಿಂದಲೂ ಬರ್ತದೆ. ಅದು ಕೇಳೋಕೆ ಧ್ವನಿ, ನೆಟ್‌ವರ್ಕಿನ ಕಣ್ಣಿಗೆ ಒಂದು ಫೈಲ್.

2. ಚೆಕ್‌ಪೋಸ್ಟಿನ ನಾಲ್ಕು ತಪಾಸಣೆ

ಪ್ಯಾಕೆಟ್ ಎನ್‌ಕ್ರಿಪ್ಟ್ ಆಗಿರ್ತದಲ್ಲ, ಅದು ಕರೆ ಅಂತ ಅವರಿಗೆ ಹೇಗೆ ಗೊತ್ತಾಗ್ತದೆ? ರಾಯಚೂರಿನಿಂದ ಗದ್ವಾಲ ಕಡೆ ಹೊರಟ ಭತ್ತದ ಲಾರಿ, ಗಡಿಯಲ್ಲಿ ಒಂದು ಚೆಕ್‌ಪೋಸ್ಟ್ ಅಂತ ಇಟ್ಟುಕೊಳ್ಳಿ.

ಮೊದಲನೇದು, ಲಾರಿ ಎಲ್ಲಿಗೆ ಹೊರಟಿದೆ ಅಂತ ಬಿಲ್ ನೋಡೋದು. ಇದು ಐಪಿ ವಿಳಾಸದ ತಡೆ. ರಿಲೇ ಸರ್ವರ್‌ಗಳ ವಿಳಾಸ ಪಟ್ಟಿ ಮಾಡಿ ಅಲ್ಲಿಗೆ ಹೋಗೋ ಪ್ಯಾಕೆಟ್ ಬಿಸಾಕೋದು.

ಎರಡನೇದು, ಡ್ರೈವರ್ ದಾರಿ ಕೇಳಿದಾಗ "ಅಂಥ ಊರೇ ಇಲ್ಲ" ಅನ್ನೋದು. ಇದು ಡಿಎನ್‌ಎಸ್ ತಡೆ. ಹೆಸರಿಗೆ ಸರಿಯಾದ ವಿಳಾಸ ಕೊಡದೆ ಇರೋದು.

ಮೂರನೇದು, ತಾಡಪಾಲು ಎತ್ತಿ ನೋಡೋದು. ಇದೇ ಡೀಪ್ ಪ್ಯಾಕೆಟ್ ಇನ್‌ಸ್ಪೆಕ್ಷನ್, ಡಿಪಿಐ. ಒಳಗಿನ ಮಾತು ಓದೋಕೆ ಬರದಿದ್ರೂ ಸ್ಟನ್ ಸಂದೇಶದ ಹೆಡರ್, ಟಿಎಲ್‌ಎಸ್ ಆರಂಭದಲ್ಲಿ ತೆರೆದೇ ಹೋಗೋ ಸರ್ವರ್ ಹೆಸರು, ಇಂಥ ಗುರುತು ಸಿಗ್ತವೆ.

ನಾಲ್ಕನೇದು, ಏನನ್ನೂ ಬಿಚ್ಚದೆ ಲಾರಿಯ ನಡಿಗೆ ನೋಡೋದು. ಸೆಕೆಂಡಿಗೆ 50 ಸಣ್ಣ ಪ್ಯಾಕೆಟ್, ಎರಡೂ ದಿಕ್ಕಿಗೆ, ಒಂದೇ ತಾಳದಲ್ಲಿ, ಹತ್ತು ನಿಮಿಷ. ವಿಡಿಯೋ ನೋಡೋರ ಟ್ರಾಫಿಕ್ ಹೀಗಿರಲ್ಲ: ಅದು ಒಂದೇ ದಿಕ್ಕಿಗೆ ದೊಡ್ಡ ದೊಡ್ಡ ಕಂತುಗಳಲ್ಲಿ ಬರ್ತದೆ. ಎನ್‌ಕ್ರಿಪ್ಶನ್ ಮಾತನ್ನ ಮುಚ್ಚತದೆ, ತಾಳವನ್ನ ಮುಚ್ಚಲ್ಲ.

3. ತಡೆ ಹಾಕಿದ್ದು ಯಾಕೆ?

ಯುಎಇಯಲ್ಲಿ ಟೆಲಿಕಾಂ ನೋಡಿಕೊಳ್ಳೋ ಸಂಸ್ಥೆ ಟಿಡಿಆರ್‌ಎ. ಮೊದಲು ಇದರ ಹೆಸರು ಟಿಆರ್‌ಎ ಅಂತಿತ್ತು. ಅಲ್ಲಿನ ನಿಯಮದ ಪ್ರಕಾರ ಇಂಟರ್‌ನೆಟ್ ಕರೆಯ ಸೇವೆ ಕೊಡೋ ಹಕ್ಕು ಲೈಸೆನ್ಸ್ ಇರೋ ಕಂಪನಿಗಳದ್ದು. ಅವು ಎರಡು: ಹಿಂದೆ ಎತಿಸಲಾತ್ ಅಂತಿದ್ದ ಇ-ಆ್ಯಂಡ್, ಮತ್ತೆ ಡು. ಎರಡರಲ್ಲೂ ಸರ್ಕಾರಿ ಸಂಸ್ಥೆಗಳ ದೊಡ್ಡ ಪಾಲು ಇದೆ. ಹೊರಗಿನ ಆ್ಯಪ್ ಅಲ್ಲಿ ಕರೆ ಸೇವೆ ಕೊಡಬೇಕಂದ್ರೆ ಇವರ ಜೊತೆ ಸೇರಿ ಒಪ್ಪಿಗೆ ಪಡೀಬೇಕು.

ಸಾಮಾನ್ಯ ಅಂತರರಾಷ್ಟ್ರೀಯ ಕರೆಗೆ ನಿಮಿಷದ ಲೆಕ್ಕದಲ್ಲಿ ಹಣ ಬರ್ತದೆ. ಜನರಲ್ಲಿ ಬಹುಪಾಲು ಹೊರದೇಶದವರೇ ಇರೋ ನಾಡಿನಲ್ಲಿ ಊರಿಗೆ ಮಾಡೋ ಕರೆ ಸಣ್ಣ ವ್ಯಾಪಾರ ಅಲ್ಲ. 2017ರ ಕೊನೆಗೆ ಅಲ್ಲಿ ಸ್ಕೈಪ್ ಕರೆ ನಿಂತಿತು. 2018ರ ಜನವರಿಯಲ್ಲಿ ಬೋಟಿಮ್, ಸಿಮಿ ಅನ್ನೋ ಆ್ಯಪ್‌ಗಳ ಕರೆಗೆ ಮೊಬೈಲಿನಲ್ಲಾದ್ರೆ ತಿಂಗಳಿಗೆ 50 ದಿರ್ಹಾಮ್, ಮನೆ ಇಂಟರ್‌ನೆಟ್‌ನಲ್ಲಾದ್ರೆ 100 ದಿರ್ಹಾಮ್ ಪ್ಯಾಕ್ ಬಂತು. ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ, ಆನ್‌ಲೈನ್ ಪಾಠ ಮತ್ತು ಆಫೀಸ್ ಕೆಲಸಕ್ಕೆ ಮೈಕ್ರೋಸಾಫ್ಟ್ ಟೀಮ್ಸ್, ಝೂಮ್‌ನಂಥ ಆ್ಯಪ್‌ಗಳಿಗೆ ದಾರಿ ಬಿಟ್ಟರು.

ಇದನ್ನ ಕೇಳಿ ಅವರನ್ನ ಬೈಯೋ ಮುಂಚೆ ನಮ್ಮದೇ ಇತಿಹಾಸ ನೋಡಿಕೊಳ್ಳೋಣ. ಭಾರತದಲ್ಲೂ ಇಂಟರ್‌ನೆಟ್ ಟೆಲಿಫೋನಿಗೆ ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್ 1ಕ್ಕೆ. ಅಲ್ಲಿವರೆಗೆ ಹೊರದೇಶದ ಕರೆ ಅಂದ್ರೆ ವಿಎಸ್‌ಎನ್‌ಎಲ್ ಒಂದರದ್ದೇ ಹಕ್ಕು. 2002ರಲ್ಲೂ ಇಲ್ಲಿನ ಕಂಪ್ಯೂಟರಿನಿಂದ ಹೊರದೇಶದ ಫೋನಿಗೆ ಮಾತಾಡಬಹುದಿತ್ತು, ನಮ್ಮ ದೇಶದ ಫೋನಿಗೆ ಹಚ್ಚೋ ಹಾಗಿರಲಿಲ್ಲ. ಹಳದಿ ಬೋರ್ಡಿನ ಎಸ್‌ಟಿಡಿ-ಐಎಸ್‌ಡಿ ಬೂತಿನಲ್ಲಿ ಮೀಟರ್ ನೋಡ್ತಾ ಮಾತಾಡಿದ ಕಾಲ ಮನೆಯ ಹಿರಿಯರಿಗೆ ನೆನಪಿರ್ತದೆ, ಕೇಳಿ ನೋಡಿ.

ನಿಯಮ ಬದಲಾಗ್ತದೆ ಅನ್ನೋದಕ್ಕೂ ಉದಾಹರಣೆ ಇದೆ. ನಿಯಮ ಪಾಲಿಸೋ ಆ್ಯಪ್‌ಗಳ ಕರೆ ಮೇಲಿದ್ದ ತಡೆಯನ್ನ ಸೌದಿ ಅರೇಬಿಯಾ 2017ರ ಸೆಪ್ಟೆಂಬರಿನಲ್ಲಿ ತೆಗೀತು. 2016ರ ಜನವರಿಯಲ್ಲಿ ತಡೆ ಹಾಕಿದ ಮೊರಾಕ್ಕೊ ಜನರ ವಿರೋಧದ ನಂತರ ಅದೇ ವರ್ಷ ನವೆಂಬರಿನಲ್ಲಿ ಬಿಟ್ಟಿತು. ಎರಡೂ ಕಡೆ ತಡೆ ಹೋಗಿದ್ದು ನಿಯಮ ಬದಲಾಗಿದ್ದಕ್ಕೆ.

4. ವಿಪಿಎನ್ ಏನು ಮಾಡ್ತದೆ?

ವಿಪಿಎನ್ ಹುಟ್ಟಿದ್ದು ಆಫೀಸುಗಳಿಗಾಗಿ. ಊರಲ್ಲಿ ಕೂತ ಉದ್ಯೋಗಿ ಕಂಪನಿಯ ಒಳಗಿನ ನೆಟ್‌ವರ್ಕ್ ಮುಟ್ಟಬೇಕು, ಮಧ್ಯದಲ್ಲಿ ಯಾರೂ ಓದಬಾರದು. ಅದಕ್ಕೆ ಇಡೀ ಐಪಿ ಪ್ಯಾಕೆಟ್ಟನ್ನ ಎನ್‌ಕ್ರಿಪ್ಟ್ ಮಾಡಿ ಇನ್ನೊಂದು ಪ್ಯಾಕೆಟ್ಟಿನ ಹೊಟ್ಟೆಯಲ್ಲಿ ಇಟ್ಟು ಕಳಿಸ್ತಾರೆ. ಲಾರಿಯ ಉದಾಹರಣೆಯಲ್ಲಿ ಹೇಳೋದಾದ್ರೆ, ಭತ್ತದ ಮೂಟೆಗಳನ್ನ ಬೀಗ ಹಾಕಿದ ಕಂಟೇನರಿನಲ್ಲಿ ತುಂಬಿ, ಬಿಲ್ ಮೇಲೆ ಬೇರೆ ವಿಳಾಸ ಬರೆದ ಹಾಗೆ.

ಇದರಿಂದ ಮೊದಲ ಮೂರು ತಪಾಸಣೆ ದಾಟಬಹುದು. ಆದರೆ ಚೆಕ್‌ಪೋಸ್ಟಿನವರಿಗೆ ಕಂಟೇನರ್ ಕಾಣಿಸ್ತದೆ. ಓಪನ್ ವಿಪಿಎನ್, ವೈರ್‌ಗಾರ್ಡ್, ಐಪಿಸೆಕ್ ಎಲ್ಲದಕ್ಕೂ ತಮ್ಮದೇ ಆರಂಭದ ಗುರುತು ಇದೆ, ಹೆಸರಾಂತ ವಿಪಿಎನ್ ಸರ್ವರ್‌ಗಳ ವಿಳಾಸ ಪಟ್ಟಿ ಸಿಗ್ತದೆ. ಒಳಗೇನಿದೆ ಅಂತ ಗೊತ್ತಾಗದೇ ಇರಬಹುದು, ಈ ಸಿಮ್ಮಿನಿಂದ ವಿಪಿಎನ್ ಹೊರಟಿದೆ ಅಂತ ಗೊತ್ತಾಗ್ತದೆ. ಆ ಸಿಮ್ಮು ಗುರುತಿನ ಚೀಟಿ ಕೊಟ್ಟು ತಗೊಂಡದ್ದು. "ವಿಪಿಎನ್ ಹಾಕಿದ್ರ ಯಾರಿಗೂ ಗೊತ್ತಾಗಂಗಿಲ್ಲ" ಅನ್ನೋ ಮಾತು ಇಲ್ಲಿಗೇ ಬಿದ್ದುಹೋಗ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಹಳೇ ಜಿ.711 ಕೋಡೆಕ್ ತಗೊಳ್ಳಿ. ಸೆಕೆಂಡಿಗೆ 64 ಕಿಲೋಬಿಟ್, ಅಂದ್ರೆ 20 ಮಿಲಿಸೆಕೆಂಡಿಗೆ 160 ಬೈಟ್ ಧ್ವನಿ. ಆರ್‌ಟಿಪಿ 12, ಯುಡಿಪಿ 8, ಐಪಿ 20 ಸೇರಿ 200 ಬೈಟ್. ಸೆಕೆಂಡಿಗೆ 50 ಪ್ಯಾಕೆಟ್ ಅಂದ್ರೆ 80 ಕಿಲೋಬಿಟ್. ವೈರ್‌ಗಾರ್ಡ್ ಇದನ್ನ 16ರ ಗುಣಕಕ್ಕೆ ಏರಿಸಿ 208 ಮಾಡ್ತದೆ, ತನ್ನ 32, ಹೊರಗಿನ ಯುಡಿಪಿ-ಐಪಿಯ 28 ಸೇರಿಸಿ 268 ಬೈಟ್ ಆಗ್ತದೆ. ಈಗ ಸೆಕೆಂಡಿಗೆ ಸುಮಾರು 107 ಕಿಲೋಬಿಟ್, ಮೂರನೇ ಒಂದು ಭಾಗದಷ್ಟು ಹೆಚ್ಚು. ಓಪಸ್‌ನಂಥ ಈಗಿನ ಕೋಡೆಕ್ ಕಡಿಮೆ ಬಿಟ್‌ನಲ್ಲಿ ಕೆಲಸ ಮಾಡ್ತದೆ, ಆದರೆ ಪ್ಯಾಕೆಟ್ ಸಣ್ಣದಾದಷ್ಟೂ ಹೆಡರಿನ ಪಾಲು ಜಾಸ್ತಿ.

ದೂರದ ಲೆಕ್ಕ ಇನ್ನೂ ಮುಖ್ಯ. ಫೈಬರಿನಲ್ಲಿ ಬೆಳಕು ಒಂದು ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ತಗೊಳ್ತದೆ. ದುಬೈನಿಂದ ಮುಂಬೈ ನೇರವಾಗಿ 2,000 ಕಿಲೋಮೀಟರಿಗೆ ತುಸು ಕಡಿಮೆ: 10 ಮಿಲಿಸೆಕೆಂಡ್. ವಿಪಿಎನ್ ಸರ್ವರ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ರೆ ಮಾತು ಮೊದಲು ಯುರೋಪಿಗೆ ಹೋಗಿ ಆಮೇಲೆ ಮುಂಬೈಗೆ ಬರಬೇಕು. ನೇರ ಗೆರೆಯಲ್ಲೇ ಸುಮಾರು 12,000 ಕಿಲೋಮೀಟರ್, 60 ಮಿಲಿಸೆಕೆಂಡ್. ಸಮುದ್ರದ ಕೇಬಲ್ ನೇರ ಗೆರೆ ಹಿಡಿದು ಹೋಗಲ್ಲ, ರೌಟರ್‌ಗಳಲ್ಲಿ ಸಾಲು ಇರ್ತದೆ, ಕೋಡೆಕ್ ಮತ್ತು ಜಿಟ್ಟರ್ ಬಫರ್ ತಮ್ಮ ಪಾಲು ಸೇರಿಸ್ತವೆ. ಐಟಿಯು ಸಂಸ್ಥೆಯ ಜಿ.114 ಶಿಫಾರಸಿನ ಪ್ರಕಾರ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನ ಒಳಗಿದ್ರೆ ಮಾತುಕತೆ ಸಲೀಸು. ಅದು ಮೀರಿದಂತೆ ಇಬ್ಬರೂ ಒಟ್ಟಿಗೇ ಮಾತಾಡೋದು, ಒಟ್ಟಿಗೇ ಸುಮ್ಮನಾಗೋದು ಶುರುವಾಗ್ತದೆ. ವಿಪಿಎನ್ ಟಿಸಿಪಿ ಮೇಲೆ ನಡೀತಿದ್ರೆ ಒಂದು ಪ್ಯಾಕೆಟ್ ಕಳೆದರೂ ಹಿಂದಿನದೆಲ್ಲಾ ಕಾಯ್ತಾ ನಿಲ್ತವೆ, ಮಾತು ತುಂಡು ತುಂಡಾಗ್ತದೆ.

ಇನ್ನೊಂದು ಪ್ರಶ್ನೆ ಮನೆಯವರಿಂದ ಬರ್ತದೆ: "ಮಾನ್ವಿಯಾಗ ನಮ್ಮ ಫೋನಿಗೇ ವಿಪಿಎನ್ ಹಾಕಿದ್ರ ಆಗ್ತದೇನು?" ಆಗಲ್ಲ. ಚೆಕ್‌ಪೋಸ್ಟ್ ಇರೋದು ಆ ತುದಿಯಲ್ಲಿ. ಈ ತುದಿಯ ಕಂಟೇನರ್ ದಾರಿ ಮಧ್ಯೆಯೇ ಖಾಲಿಯಾಗಿ, ಪ್ಯಾಕೆಟ್ ಮೊದಲಿನ ಹಾಗೆಯೇ ಅಲ್ಲಿಗೆ ಹೋಗಿ ನಿಲ್ತದೆ.

5. ಕಾನೂನು ಏನು ಹೇಳ್ತದೆ?

ಯುಎಇಯಲ್ಲಿ ವಿಪಿಎನ್ ಅನ್ನೋ ತಂತ್ರಜ್ಞಾನವೇ ನಿಷೇಧ ಅಲ್ಲ. ಕಂಪನಿಗಳು, ಬ್ಯಾಂಕುಗಳು ತಮ್ಮ ಒಳಗಿನ ನೆಟ್‌ವರ್ಕಿಗಾಗಿ ಬಳಸಬಹುದು ಅಂತ ಅಲ್ಲಿನ ಟಿಆರ್‌ಎ 2016ರಲ್ಲೇ ಹೇಳಿದೆ. ಆದರೆ ಬೇರೆಯವರ ವಿಳಾಸ ಅಥವಾ ಸುಳ್ಳು ಐಪಿ ವಿಳಾಸ ಬಳಸಿ ಅಪರಾಧ ಮಾಡೋದು, ಅಪರಾಧ ಪತ್ತೆಯಾಗದ ಹಾಗೆ ಮಾಡೋದು ದೊಡ್ಡ ತಪ್ಪು. 2021ರ 34ನೇ ಫೆಡರಲ್ ಕಾನೂನು 2022ರ ಜನವರಿ 2ರಿಂದ ಜಾರಿಯಲ್ಲಿದೆ. ಅದರ 10ನೇ ವಿಧಿಯಲ್ಲಿ ಇದಕ್ಕೆ ಜೈಲು, ಜೊತೆಗೆ 5 ಲಕ್ಷದಿಂದ 20 ಲಕ್ಷ ದಿರ್ಹಾಮ್ ತನಕ ದಂಡ, ಅಥವಾ ಎರಡರಲ್ಲಿ ಒಂದು ಅಂತಿದೆ.

ಕಡಿಮೆ ಅಂದ್ರೂ 5 ಲಕ್ಷ ದಿರ್ಹಾಮ್, ನಮ್ಮ ಲೆಕ್ಕದಲ್ಲಿ ಒಂದು ಕೋಟಿ ರೂಪಾಯಿಗೂ ಮೇಲೆ.

ಲೈಸೆನ್ಸ್ ಇಲ್ಲದ ಕರೆ ಸೇವೆಯನ್ನ ವಿಪಿಎನ್ ಮೂಲಕ ಬಳಸಿದ್ರೆ ಅದು ಈ ವಿಧಿಯೊಳಗೆ ಬರ್ತದೋ ಇಲ್ಲವೋ ಅಂತ ವಕೀಲರು ವಾದ ಮಾಡಬಹುದು. ಸಾಲ ಮಾಡಿ ವೀಸಾ, ಟಿಕೆಟ್ ಹೊಂದಿಸಿ ಹೋದ ದೇವದುರ್ಗದ ಹುಡುಗ ಆ ವಾದದ ಪ್ರಯೋಗಕ್ಕೆ ವಸ್ತು ಆಗಬಾರದು. "ಎಲ್ಲಾರೂ ಮಾಡ್ತಾರ" ಅನ್ನೋದು ರೂಮಿನಲ್ಲಿ ಸಮಾಧಾನ, ಕೋರ್ಟಿನಲ್ಲಿ ಉತ್ತರ ಅಲ್ಲ. ಬೇರೆ ಯಾವುದೋ ಕಾರಣಕ್ಕೆ ಪೊಲೀಸರ ಕೈಗೆ ಫೋನ್ ಹೋದಾಗಲೂ ಈ ಆ್ಯಪ್ ಅದರಲ್ಲೇ ಇರ್ತದೆ.

ನಮ್ಮ ದೇಶದಲ್ಲಿ ವಿಪಿಎನ್ ಬಳಕೆಗೆ ಸಾಮಾನ್ಯವಾಗಿ ತಡೆ ಇಲ್ಲ. ಆದರೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನ 5 ವರ್ಷ ಇಟ್ಟುಕೊಳ್ಳಬೇಕು. ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್, ಸರ್ಫ್‌ಶಾರ್ಕ್ ಆಗಲೇ ಭಾರತದಲ್ಲಿದ್ದ ತಮ್ಮ ಸರ್ವರ್ ತೆಗೆದುಬಿಟ್ಟವು.

6. ಫ್ರೀ ವಿಪಿಎನ್‌ನ ಬೆಲೆ

ಹಣ ಉಳಿಸೋಕೆ ಹೋದವನು ತಿಂಗಳ ಬಾಡಿಗೆ ಕೊಟ್ಟು ವಿಪಿಎನ್ ತಗೊಳ್ಳಲ್ಲ, ಫ್ರೀ ಆ್ಯಪ್ ಹಾಕ್ತಾನೆ. ಸರ್ವರ್, ಬ್ಯಾಂಡ್‌ವಿಡ್ತ್ ಎರಡಕ್ಕೂ ದುಡ್ಡು ಬೇಕು. ಅದು ಎಲ್ಲಿಂದಾದ್ರೂ ಬರಲೇಬೇಕು.

2016ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಮತ್ತು ಜೊತೆಗಾರ ಸಂಶೋಧಕರು 283 ಆಂಡ್ರಾಯ್ಡ್ ವಿಪಿಎನ್ ಆ್ಯಪ್ ಪರೀಕ್ಷಿಸಿದ್ರು. ಶೇಕಡಾ 75ರಲ್ಲಿ ಬಳಕೆದಾರರ ಜಾಡು ಹಿಡಿಯೋ ಹೊರಗಿನ ಲೈಬ್ರರಿ, ಶೇಕಡಾ 38ರಲ್ಲಿ ಮಾಲ್‌ವೇರ್ ಗುರುತು, ಶೇಕಡಾ 18ರಲ್ಲಿ ಎನ್‌ಕ್ರಿಪ್ಶನ್ನೇ ಇರಲಿಲ್ಲ. ಫೇಸ್‌ಬುಕ್‌ನ ಓನಾವೊ ಅನ್ನೋ ವಿಪಿಎನ್ ಬಳಕೆದಾರರ ಮಾಹಿತಿ ಸಂಗ್ರಹಿಸಿದ್ದಕ್ಕೆ 2018ರಲ್ಲಿ ಆ್ಯಪಲ್ ಸ್ಟೋರಿನಿಂದ ಹೊರಬಿತ್ತು.

2015ರಲ್ಲಿ ಬಯಲಾದ ಹೋಲಾ ಪ್ರಕರಣ ಗಲ್ಫ್‌ನಲ್ಲಿ ಇರೋರಿಗೆ ಹೆಚ್ಚು ಮುಖ್ಯ. ಅದರ ಫ್ರೀ ಬಳಕೆದಾರರ ಫೋನ್, ಕಂಪ್ಯೂಟರುಗಳೇ ಬೇರೆಯವರ ಟ್ರಾಫಿಕ್ ಹೊರಹೋಗೋ ಬಾಗಿಲಾಗಿದ್ದವು. ಯಾರೋ ಎಲ್ಲೋ ಕೂತು ಮಾಡಿದ ಕೆಲಸ ನಿಮ್ಮ ಐಪಿಯಿಂದ ಹೊರಟ ಹಾಗೆ ದಾಖಲಾಗ್ತದೆ. ಪರದೇಶದಲ್ಲಿ, ನಿಮ್ಮ ಹೆಸರಿನ ಸಿಮ್ಮಿನಲ್ಲಿ.

ಒಂದು ಮಾತು ಸರಿಯಾಗಿ ತಿಳಿದಿರಲಿ. ಬ್ಯಾಂಕ್ ಆ್ಯಪ್‌ನ ಪಾಸ್‌ವರ್ಡ್ ಟಿಎಲ್‌ಎಸ್ ಒಳಗೆ ಹೋಗೋದ್ರಿಂದ ವಿಪಿಎನ್ ಸರ್ವರ್ ಅದನ್ನ ಸುಮ್ಮನೆ ಓದೋಕೆ ಆಗಲ್ಲ. ಅಪಾಯ ಇರೋದು ಎಲ್ಲಿಂದಲೋ ಇಳಿಸಿದ ಎಪಿಕೆ ಫೈಲಿನಲ್ಲಿ. ಅದಕ್ಕೆ ಎಸ್‌ಎಂಎಸ್ ಮತ್ತು ಆ್ಯಕ್ಸೆಸಿಬಿಲಿಟಿ ಅನುಮತಿ ಕೊಟ್ಟರೆ ಓಟಿಪಿ, ಸ್ಕ್ರೀನ್ ಎರಡೂ ಅದರ ಕೈಗೆ. ಊರಿಗೆ ಹಣ ಕಳಿಸೋದೂ ಅದೇ ಫೋನಿನಿಂದ.

7. ರೋಮಿಂಗ್‌ನಲ್ಲಿ ಹೇಗೆ ನಡೀತದೆ?

ನಮ್ಮ ಊರಿನ ಸಿಮ್ಮಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿ ಹೋದವರಿಗೆ ದುಬೈನಲ್ಲಿ ವಾಟ್ಸ್‌ಆ್ಯಪ್ ಕರೆ ನಡೀತು ಅಂತ ಕೇಳಿರ್ತೀರಿ. ಕಾರಣ 4ಜಿ ಪಾಠದಲ್ಲೇ ಇದೆ. ರೋಮಿಂಗ್ ಡೇಟಾ ಸಾಮಾನ್ಯವಾಗಿ ಹೋಮ್ ರೂಟೆಡ್: ಅಲ್ಲಿನ ಟವರಿನಿಂದ ಜಿಟಿಪಿ ಟನೆಲ್ ಮೂಲಕ ಭಾರತದ ಆಪರೇಟರಿನ ಗೇಟ್‌ವೇಗೆ ಬಂದು, ಇಲ್ಲಿಂದ ಇಂಟರ್‌ನೆಟ್ ಸೇರ್ತದೆ. ಐಪಿ ವಿಳಾಸವೂ ನಮ್ಮದೇ. ಇದು ಎರಡೂ ಕಡೆ ಆಪರೇಟರ್‌ಗಳು ಒಪ್ಪಂದ ಮಾಡಿಕೊಂಡ ದಾರಿ, ಬಳಕೆದಾರ ವಿಳಾಸ ಮರೆಸಿದ್ದಲ್ಲ. ವಾರದ ಪ್ರವಾಸಕ್ಕೆ ಸರಿ, ಎರಡು ವರ್ಷದ ದುಡಿಮೆಗೆ ಈ ಖರ್ಚು ತಾಳಲ್ಲ.

8. ಹೊರಡೋ ಮುಂಚೆ ಮಾಡಬೇಕಾದ್ದು

ನಿಮ್ಮ ಓಣಿಯಿಂದ ಯಾರಾದ್ರೂ ಹೊರಟಿದ್ರೆ ಅರ್ಧ ಗಂಟೆ ಕೂತು ಇಷ್ಟು ಮಾಡಿಕೊಡಿ.

• ಹೋಗೋ ದೇಶದ ನಿಯಮ ನೋಡಿ. ಯುಎಇ ಆದ್ರೆ ಒಪ್ಪಿಗೆ ಇರೋ ಕರೆ ಆ್ಯಪ್‌ಗಳ ಪಟ್ಟಿಯನ್ನ ಟಿಡಿಆರ್‌ಎ ಪ್ರಕಟಿಸ್ತದೆ. ಬೋಟಿಮ್, ಟೀಮ್ಸ್, ಝೂಮ್, ಗೂಗಲ್ ಮೀಟ್ ಅದರಲ್ಲಿ ಬಂದಿವೆ. ಹೊರಡೋ ವಾರ ಮತ್ತೊಮ್ಮೆ ಪಟ್ಟಿ ನೋಡಿ.

• ಆ ಆ್ಯಪ್ ಎರಡೂ ಫೋನಿನಲ್ಲಿ ಬೇಕು. ಹೋಗೋನ ಫೋನಿಗಿಂತ ಮನೆಯಲ್ಲಿ ಉಳಿಯೋ ತಾಯಿ, ಹೆಂಡತಿಯ ಫೋನಿಗೆ ಮೊದಲು ಹಾಕಿ. ಪಕ್ಕದ ಕೋಣೆಯಿಂದ ಕರೆ ಮಾಡಿ, ಎತ್ತೋದು ಹೇಗೆ ಅಂತ ಅವರೇ ಎರಡು ಸಲ ಮಾಡಲಿ.

• ಮನೆಯವರಿಗೆ ಮೊದಲೇ ಹೇಳಿ: "ಯವ್ವಾ, ವಾಟ್ಸ್‌ಆ್ಯಪ್‌ನಾಗ ರಿಂಗ್ ಆದ್ರೂ ಮಾತು ಬರಂಗಿಲ್ಲ, ಅಲ್ಲಿ ಕಾಯ್ದೆ ಹಂಗದ. ಚಿಂತಿ ಮಾಡಬ್ಯಾಡ."

• ದಿನದ ಸುದ್ದಿಗೆ ವಾಯ್ಸ್ ಮೆಸೇಜ್ ರೂಢಿ ಮಾಡಿಸಿ. ಓದು ಬರೆಹ ಬಾರದ ಅಜ್ಜಿಗೂ ಇದು ಸುಲಭ, ಡ್ಯೂಟಿ ಮುಗಿದ ಮೇಲೆ ಅವನು ಕೇಳ್ತಾನೆ. ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದಿದೆ ಅನ್ನೋದೂ ತಿಳಿಸಿ.

• ತುರ್ತಿಗೆ ಸಾಮಾನ್ಯ ಫೋನ್ ಕರೆಯೇ ಗಟ್ಟಿ. ಅಲ್ಲಿನ ನಂಬರನ್ನ +971 ಸಮೇತ ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಡಿ. ಮನೆಯ ಸಿಮ್ಮಿನಲ್ಲಿ ಐಎಸ್‌ಡಿ ಇದೆಯಾ, ರೇಟ್ ಎಷ್ಟು ಅಂತ ನೋಡಿ.

• ಫ್ರೀ ವಿಪಿಎನ್, ಯಾರೋ ಕಳಿಸಿದ ಎಪಿಕೆ ಬೇಡ. ಕಂಪನಿ ಕೊಟ್ಟ ವಿಪಿಎನ್ ಇದ್ರೆ ಕಂಪನಿ ಕೆಲಸಕ್ಕೆ ಮಾತ್ರ.

9. ಮಾಡಿ ನೋಡಿ

ನಿಮ್ಮದೇ ಲ್ಯಾಪ್‌ಟಾಪಿನ ಹಾಟ್‌ಸ್ಪಾಟ್‌ಗೆ ನಿಮ್ಮದೇ ಫೋನ್ ಸೇರಿಸಿ ವೈರ್‌ಶಾರ್ಕ್ ಹಚ್ಚಿ. ಹಾಸ್ಟೆಲ್ ವೈ-ಫೈನಲ್ಲಿ ಬೇರೆಯವರ ಟ್ರಾಫಿಕ್ ಹಿಡಿಯೋದು ಬೇಡ. ಮೊದಲು ಒಂದು ವಾಯ್ಸ್ ಮೆಸೇಜ್ ಕಳಿಸಿ, ಆಮೇಲೆ ಎರಡು ನಿಮಿಷ ವಾಟ್ಸ್‌ಆ್ಯಪ್ ಕರೆ ಮಾಡಿ. ಮೊದಲನೇದರಲ್ಲಿ ಟಿಸಿಪಿ, ಎರಡನೇದರಲ್ಲಿ ಸ್ಟನ್ ಮತ್ತು ಯುಡಿಪಿ ಸಾಲು ಹುಡುಕಿ. ಪ್ಯಾಕೆಟ್ ಗಾತ್ರ, ನಡುವಿನ ಸಮಯ ಬರೆದುಕೊಳ್ಳಿ.

ಪ್ರಶ್ನೆಗಳು:

ಅ) ಜಿ.711 ಬದಲು 20 ಮಿಲಿಸೆಕೆಂಡಿಗೆ 40 ಬೈಟ್ ಕೊಡೋ ಕೋಡೆಕ್ ಬಳಸಿದ್ರೆ, ವೈರ್‌ಗಾರ್ಡ್ ಇಲ್ಲದೆ ಮತ್ತು ಇದ್ದಾಗ ಸೆಕೆಂಡಿಗೆ ಎಷ್ಟು ಕಿಲೋಬಿಟ್?

ಆ) ನೀವು ಹಿಡಿದ ಕರೆಯಲ್ಲಿ ಒಳಗಿನ ಮಾತು ಓದದೆ "ಇದು ಕರೆ" ಅಂತ ಹೇಳೋಕೆ ಯಾವ ಮೂರು ಗುರುತು ಸಾಕು?

ಇ) ರೋಮಿಂಗ್ ಟನೆಲ್ ಮತ್ತು ವಿಪಿಎನ್ ಟನೆಲ್ ಎರಡೂ ಪ್ಯಾಕೆಟ್ ಒಳಗೆ ಪ್ಯಾಕೆಟ್ ಇಡ್ತವೆ. ಕಾನೂನಿನ ಕಣ್ಣಲ್ಲಿ ಎರಡೂ ಬೇರೆ ಯಾಕೆ?

ಉತ್ತರ ಬರೆದು ಕ್ಲಬ್ಬಿಗೆ ಕಳಿಸಿ. ಅದಕ್ಕಿಂತ ಮೊದಲು, ಗಲ್ಫ್‌ನಲ್ಲಿ ಯಾರಾದ್ರೂ ಇರೋ ಮನೆ ನಿಮಗೆ ಗೊತ್ತಿದ್ರೆ, ಎಂಟನೇ ಭಾಗದ ಪಟ್ಟಿ ಹಿಡಿದು ಈ ಭಾನುವಾರವೇ ಒಂದು ಸಲ ಹೋಗಿ ಬನ್ನಿ.